ಮೆಣಸಿನ ತಕ್ಕಡಿಯಲ್ಲಿ ತೂಗಿದ ಕಂಪ್ಯೂಟರ್ ಡಬ್ಬ

2025ನೇ ಇಸವಿ ಮಾರ್ಚ್ 2, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಪಕ್ಕದ ಮನೆಯ ಲೋಕೇಶಣ್ಣನ ಕಂಪ್ಯೂಟರಿನ ತಗಡನ್ನು ನಾನು ಬಿಚ್ಚಿದ ಹೊತ್ತು ಅದು. ಏನು ಮಾಡಿದರೂ ದಿನಾಂಕ, ಗಂಟೆ ಬರೆದಿಡುವುದು ಹೈಸ್ಕೂಲಿನಿಂದ ನನಗೆ ಅಂಟಿದ ಅಭ್ಯಾಸ. ಹಾಗಾಗಿ ಈ ಅನುಭವವನ್ನು ಡೈರಿ ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ನಮ್ಮದು ಶನಿವಾರಸಂತೆಗೆ ಆರು ಕಿಲೋಮೀಟರ್ ದೂರದ ಊರು. ನಾನು ಪೇಟೆಯ ಒಂದು ಶಾಲೆಯ ಆಫೀಸಿನಲ್ಲಿ ಗುಮಾಸ್ತೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುತ್ತೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಬೀದಿಯವರೆಲ್ಲ ನನ್ನನ್ನು ಕಂಪ್ಯೂಟರ್ ತಿಳಿದವಳು ಎಂದುಕೊಂಡಿದ್ದಾರೆ. ಆ ಭಾನುವಾರದವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಲೋಕೇಶಣ್ಣನಿಗೆ ಮೂವತ್ನಾಲ್ಕು ವರ್ಷ. ಎಸ್ಟೇಟುಗಳಲ್ಲಿ ಸಿಲ್ವರ್ ಮರಕ್ಕೆ ಏಣಿ ಹಾಕಿ, ಅದಕ್ಕೆ ಹಬ್ಬಿದ ಬಳ್ಳಿಯಿಂದ ಕರಿಮೆಣಸು ಕೊಯ್ಯುವುದು ಅವರ ಕೆಲಸವಾಗಿತ್ತು. ಮೂರು ವರ್ಷದ ಹಿಂದೆ ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಒಂದು ವರ್ಷ ಸುಮ್ಮನೆ ಮಲಗಿದ್ದರು. ಆಮೇಲೆ ಮುಚ್ಚಿಹೋದ ಒಂದು ಟೈಪಿಂಗ್ ಸೆಂಟರಿನವರು ಹಳೆಯ ಕಂಪ್ಯೂಟರ್ ಕೊಟ್ಟರು. ಹತ್ತು ವರ್ಷದ ಹಳತು, ಹೊಸದಿದ್ದಾಗಲೂ ಅಗ್ಗದ್ದೇ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿ, ಅದರಲ್ಲೇ ಮನೆಗಳ ಚಿತ್ರ ಮಾಡುವುದನ್ನು ಕಲಿತರು. ಕಟ್ಟುವ ಮೊದಲೇ ಮನೆ ಹೇಗೆ ಕಾಣುತ್ತದೆಂದು ಬಿಸಿಲು, ನೆರಳು ಸಮೇತ ತೋರಿಸುವ ಚಿತ್ರಗಳು. ಕುಶಾಲನಗರದ ಒಬ್ಬ ಎಂಜಿನಿಯರ್ ಅದನ್ನು ನೋಡಿ, ಒಂದು ಮನೆಯ ನಕ್ಷೆ ಕಳಿಸಿ, "ಮಾರ್ಚ್ 10ರ ಸೋಮವಾರದೊಳಗೆ ಇದರ ಚಿತ್ರ ಮಾಡಿಕೊಡಿ. ಚೆನ್ನಾಗಿ ಬಂದರೆ ಮುಂದಿನ ಕೆಲಸವೂ ನಿಮಗೇ" ಎಂದಿದ್ದರು.

ಲೋಕೇಶಣ್ಣ ಹತ್ತೊಂಬತ್ತು ದಿನ ಕೂತು ಮನೆ ಬಿಡಿಸಿದರು. ಆದರೆ ಬೆಳಕು ನೆರಳು ಸೇರಿಸಿ ಕೊನೆಯ ಚಿತ್ರ ತೆಗೆಯಲು ಹೋದರೆ ಕಂಪ್ಯೂಟರ್ ಅರ್ಧಕ್ಕೇ ನಿಲ್ಲುತ್ತಿತ್ತು. ಐದು ಸಲ ಪ್ರಯತ್ನ, ಐದು ಸಲವೂ ನಿಂತಿತು. ಇದನ್ನು ಕೇಳಿದ ಎಂಜಿನಿಯರ್, "ನನ್ನ ಹತ್ತಿರ ಬಳಸಿದ ಒಂದು ಗ್ರಾಫಿಕ್ಸ್ ಕಾರ್ಡ್ ಇದೆ. ನಿಮ್ಮ ಪಿ.ಸಿ.ಗೆ ಆಗುತ್ತದಾ ನೋಡಿ ಹೇಳಿ. ಆಗುತ್ತೆ ಅಂದರೆ ಬಸ್ಸಿಗೆ ಹಾಕಿ ಕಳಿಸುತ್ತೇನೆ" ಎಂದರು. ಆ ಕಾರ್ಡು ಕೂರಿಸಿದರೆ ಚಿತ್ರದ ಭಾರವನ್ನೆಲ್ಲ ಅದೇ ಹೊರುತ್ತದೆ, ಗಂಟೆಗಳ ಕೆಲಸ ನಿಮಿಷಗಳಲ್ಲಿ ಮುಗಿಯುತ್ತದೆ.

ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ತಗಡು ತೆಗೆದಾಗ ಮೊದಲು ಕಂಡದ್ದು ಎರಡು ಹಲ್ಲಿ ಮೊಟ್ಟೆ. ಲೋಕೇಶಣ್ಣನ ತಾಯಿ ಜಯತ್ತೆ ಇಣುಕಿ ನೋಡಿ, "ಅಯ್ಯೋ, ಬಾಣಂತನಕ್ಕೆ ಇದೇ ಜಾಗ ಬೇಕಿತ್ತಾ ಅದಕ್ಕೆ!" ಎಂದರು. ಧೂಳು ಒರೆಸಿ, ಸ್ಕೇಲು ಹಿಡಿದು, ಡೈರಿಯಲ್ಲಿ ಒಂಬತ್ತು ಪ್ರಶ್ನೆ ಬರೆದೆ. ಕಾರ್ಡು ಕೂರುವ ಉದ್ದನೆಯ ಸ್ಲಾಟ್ ಇದೆಯೇ? ಇದೆ. ಎಂಜಿನಿಯರ್ ಕಳಿಸಿದ ವಿವರದ ಪ್ರಕಾರ ಕಾರ್ಡಿನ ಉದ್ದ ಇಪ್ಪತ್ನಾಲ್ಕು ಸೆಂಟಿಮೀಟರ್, ಒಳಗೆ ಜಾಗ ಇಪ್ಪತ್ತೊಂಬತ್ತು. ಸರಿ. ಮಾನಿಟರಿಗೆ ಹಳೆಯ ನೀಲಿ ಪಿನ್ನು, ಕಾರ್ಡಿನಲ್ಲಿ ಅದಿಲ್ಲ, ಕನ್ವರ್ಟರ್ ಸಿಗುತ್ತದೆ. ಸರಿ. ಕರೆಂಟು ಕೊಡುವ ಡಬ್ಬ, ಅಂದರೆ ಎಸ್.ಎಂ.ಪಿ.ಎಸ್., ಎಷ್ಟು ವ್ಯಾಟ್? ಅದರ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 450 ಎಂದಿತ್ತು. ಇಂಥ ಕಾರ್ಡಿಗೆ 400 ಸಾಕು ಎಂದು ನೆಟ್ಟಿನಲ್ಲಿ ಓದಿದ್ದೆ. ಸರಿ. ಕಾರ್ಡಿಗೆ ಪ್ರತ್ಯೇಕ ಕರೆಂಟು ಕೊಡುವ ಆರು ಪಿನ್ನಿನ ವೈರು? ಡಬ್ಬದಿಂದ ಅಂಥ ವೈರು ಹೊರಟಿರಲಿಲ್ಲ. ಅದಕ್ಕೂ ಕನ್ವರ್ಟರ್ ಸಿಗುತ್ತದೆ ಎಂದು ಗೊತ್ತಿತ್ತು. ಅಲ್ಲಿಯೂ ಸರಿ ಗುರುತು ಹಾಕಿದೆ.

ಉಳಿದ ನಾಲ್ಕೂ ಸರಿ. ಒಂಬತ್ತು ಪ್ರಶ್ನೆ, ಒಂಬತ್ತು ಸರಿ.

"ಆಯ್ತದಾ ಸವಿತಾ?" ಲೋಕೇಶಣ್ಣ ಮಂಚದಿಂದಲೇ ಕೇಳಿದರು.

"ಆಗುತ್ತೆ ಅಣ್ಣ. ಪಕ್ಕಾ."

ಸೋಮವಾರ ನಾನೇ ಎಂಜಿನಿಯರಿಗೆ ಫೋನು ಮಾಡಿ ಆಗುತ್ತೆ ಎಂದೆ. ಗುರುವಾರ ಸಂಜೆ ಕಾರ್ಡು ಬಸ್ಸಿನಲ್ಲಿ ಬಂತು. ಕಂಡಕ್ಟರ್ ಅದನ್ನು ತನ್ನ ಊಟದ ಚೀಲದ ಜೊತೆ ಜೋಪಾನವಾಗಿ ಇಟ್ಟುಕೊಂಡಿದ್ದ. ಜಯತ್ತೆ ಡಬ್ಬಿ ತೆಗೆದು ಕಾರ್ಡಿನ ಮೇಲಿನ ಪುಟ್ಟ ಫ್ಯಾನಿಗೆ ಕುಂಕುಮ ಹಚ್ಚಲು ಹೊರಟರು. "ಅವ್ವ, ಡಬ್ಬಿಗೆ ಹಚ್ಚು! ಫ್ಯಾನಿಗೆ ಹಚ್ಚಿದ್ರೆ ಅದು ತಿರುಗಿ ನಮ್ಮೆಲ್ಲರಿಗೂ ಹಚ್ತದೆ" ಎಂದು ಲೋಕೇಶಣ್ಣ ಕೂಗಿ ನಕ್ಕರು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಬಹಳ ಕಾಲದ ಮೇಲೆ ಕೇಳಿದೆ.

ಮಾರ್ಚ್ 8, ಎರಡನೇ ಶನಿವಾರ, ನನಗೆ ರಜೆ. ಪೇಟೆಯಲ್ಲಿ ಸಂತೆ. ಕನ್ವರ್ಟರ್ ತರಲು ಕಂಪ್ಯೂಟರ್ ರಿಪೇರಿಯ ಪ್ರವೀಣನ ಅಂಗಡಿಗೆ ಹೋದೆ. ಪಿನ್ನು ನೋಡಿ ಕೊಡುತ್ತೇನೆ, ಡಬ್ಬ ಬಿಚ್ಚಿಕೊಂಡೇ ಬನ್ನಿ ಎಂದು ಅವನು ಫೋನಿನಲ್ಲಿ ಹೇಳಿದ್ದರಿಂದ, ನಾಲ್ಕು ಸ್ಕ್ರೂ ತೆಗೆದು ಎಸ್.ಎಂ.ಪಿ.ಎಸ್. ಅನ್ನು ಬಟ್ಟೆಚೀಲದಲ್ಲಿ ಹಾಕಿಕೊಂಡಿದ್ದೆ. ಹನ್ನೊಂದು ಹತ್ತಕ್ಕೆ ತಲುಪಿದಾಗ ಪ್ರವೀಣ ಟೀಗೆ ಹೋಗಿದ್ದ.

ಪಕ್ಕದ್ದು ಮೆಣಸು, ಏಲಕ್ಕಿ ಕೊಳ್ಳುವ ಮೊಯ್ದು ಕಾಕನ ಅಂಗಡಿ. ಅವರ ಪರಿಚಯ ನನಗಿರಲಿಲ್ಲ. ಎಲ್ಲರೂ ಕಾಕ ಎನ್ನುವುದನ್ನು ಕೇಳಿದ್ದೆ, ಅಷ್ಟೆ. "ಕೂತ್ಕೊ ಮೋಳೆ, ಅವ್ನು ಈಗ ಬರ್ತಾನೆ" ಎಂದು, ಮಗಳನ್ನು ಕರೆದ ಹಾಗೆ ಮಲಯಾಳದಲ್ಲಿ ಕರೆದು ಬೆಂಚು ತೋರಿಸಿದರು. ಕೈಯಲ್ಲಿದ್ದ ಚೀಲವನ್ನು ನಾನು ಮುಂದಿನ ಮೇಜಿನ ಮೇಲೆ ಇಟ್ಟೆ. ಅದು ಮೇಜಲ್ಲ, ಎಲೆಕ್ಟ್ರಾನಿಕ್ ತಕ್ಕಡಿ.

"ಎಂಟುನೂರ ಎಪ್ಪತ್ತು ಗ್ರಾಂ," ಕಾಕ ಅಂಕಿ ಓದಿದರು. "ಇಷ್ಟೇನಾ ಮೆಣಸು? ಉಳಿದದ್ದು ಹಕ್ಕಿ ತಿಂತಾ?"

ಸಂತೆಗೆ ಬಂದು ಸಾಲಿನಲ್ಲಿ ನಿಂತಿದ್ದವರು ನಕ್ಕರು. ನಾನು ನಾಚಿಕೊಂಡು ಡಬ್ಬ ತೆಗೆದು ತೋರಿಸಿ, ಇದು ಕಂಪ್ಯೂಟರಿಗೆ ಕರೆಂಟು ಕೊಡುವುದು ಎಂದೆ. ಅವರು ಅದನ್ನು ಅಂಗೈಯಲ್ಲಿ ಎರಡು ಸಲ ಎತ್ತಿ ಇಳಿಸಿದರು.

"ಇಷ್ಟು ದೊಡ್ಡ ಡಬ್ಬ, ತೂಕ ಇಷ್ಟೇನಾ? ನಮ್ಮನೆ ಸ್ಟೆಬಿಲೈಜರ್ ಎತ್ತೋಕೆ ಇಬ್ರು ಬೇಕು. ಇದ್ರ ಮೇಲೆ ಎಂಥ ಬರ್ದಿದೆ?"

"ನಾನೂರೈವತ್ತು ಅಂತ, ಕಾಕ."

"ಬರ್ದದ್ದು ಯಾರು?"

"ಮಾಡಿದ ಕಂಪನಿಯವರು."

"ಮೆಣಸು ತರೋರೂ ಚೀಲದ ಮೇಲೆ ಅವ್ರೇ ಬರ್ಕೊಂಡು ಬರ್ತಾರೆ, ಒಂದನೇ ಕ್ಲಾಸ್ ಮಾಲು ಅಂತ. ನಾನು ಓದೋದೇ ಇಲ್ಲ." ಅವರು ಒಂದು ಲೀಟರ್ ಅಳತೆಯ ಪಾತ್ರೆಗೆ ಮೆಣಸು ತುಂಬಿ, ಮೇಲ್ಭಾಗ ಸವರಿ ತಕ್ಕಡಿಗಿಟ್ಟರು. "ನೋಡು. ಲೀಟರಿಗೆ ಐನೂರೈವತ್ತು ಬಂದ್ರೆ ಮಾಲು. ಕಮ್ಮಿ ಬಂದ್ರೆ ಒಳಗೆ ಜೊಳ್ಳು. ಹೊರಗಿನಿಂದ ಎರಡೂ ಒಂದೇ ಥರ ಕರಿ, ಒಂದೇ ಥರ ಗುಂಡು."

ಅಷ್ಟರಲ್ಲಿ ಪ್ರವೀಣ ಬಂದ. "ಕಾಕ, ಎಲೆಕ್ಟ್ರಾನಿಕ್ಸ್‌ನ ಯಾರಾದ್ರೂ ತೂಕದ ಲೆಕ್ಕದಲ್ಲಿ ನೋಡ್ತಾರಾ?"

"ನೀನು ಗುಜರಿಗೆ ಹಾಕೋದು ಹೆಂಗೆ? ತೂಕದಲ್ಲೇ ಅಲ್ವಾ? ಹೋಗು, ನಿನ್ನ ಹತ್ರ ಇಂಥದೇ ಇನ್ನೊಂದು ಇದ್ರೆ ತಾ."

ಪ್ರವೀಣ ನಗುತ್ತಲೇ ಹೋಗಿ ಮೇಜಿನಡಿಯಿಂದ ಕೆಟ್ಟುಹೋದ ಹಳೆಯದೊಂದನ್ನು ತಂದ. ಅದೇ ಅಳತೆ, ಅದೇ ಆಕಾರ. ತಕ್ಕಡಿ ಒಂದು ಕಿಲೋ ಆರುನೂರ ಇಪ್ಪತ್ತು ಗ್ರಾಂ ತೋರಿಸಿತು. ಅದರ ಚೀಟಿಯ ಮೇಲಿದ್ದದ್ದು 350. ನಮ್ಮದರ ತೂಕ ಅದರ ಅರ್ಧಕ್ಕಿಂತ ತುಸು ಹೆಚ್ಚು, ಬರಹ ಮಾತ್ರ ನೂರು ಜಾಸ್ತಿ!

ಪ್ರವೀಣನ ನಗು ನಿಂತಿತು. ಮೊಬೈಲ್ ಬೆಳಕು ಹಿಡಿದು ನಮ್ಮ ಡಬ್ಬದ ಚೀಟಿಯಲ್ಲಿ, ದಪ್ಪ ಅಕ್ಷರದ ಕೆಳಗೆ ಇರುವೆ ಸಾಲಿನಂತಿದ್ದ ಪಟ್ಟಿ ಓದಿದ. ಹನ್ನೆರಡು ವೋಲ್ಟಿನ ಎದುರು ಹದಿನಾಲ್ಕು ಆಂಪಿಯರ್. ನಾನು ಡೈರಿಯಲ್ಲೇ ಗುಣಿಸಿದೆ: ನೂರ ಅರವತ್ತೆಂಟು ವ್ಯಾಟ್. ಕಾರ್ಡು, ಪ್ರೊಸೆಸರ್ ಎರಡೂ ಉಣ್ಣುವುದು ಈ ಹನ್ನೆರಡು ವೋಲ್ಟಿನ ಪಾಲಿನಿಂದ ಎಂದು ಪ್ರವೀಣ ಹೇಳಿದ. ಕಾರ್ಡಿಗೇ ನೂರ ಇಪ್ಪತ್ತು ಬೇಕು, ಪ್ರೊಸೆಸರಿಗೆ ಅರವತ್ತೈದು. ಒಟ್ಟು ನೂರ ಎಂಬತ್ತೈದು. ಡಬ್ಬ ತಾನೇ ಬರೆದುಕೊಂಡ ಲೆಕ್ಕದಲ್ಲೂ ಸಾಲದು.

"ಸಾರಿ ಅಕ್ಕ. ಕನ್ವರ್ಟರ್ ಕೇಳಿದ್ರೆ ಕೊಡ್ತೀನಿ, ಇದನ್ನೆಲ್ಲ ಯಾರೂ ಕೇಳಲ್ಲ," ಎಂದ ಪ್ರವೀಣ.

"ಹಾಕಿದ್ದರೆ ಏನಾಗ್ತಿತ್ತು?"

"ಪುಣ್ಯ ಇದ್ರೆ ಬರೀ ಆಫ್ ಆಗ್ತಿತ್ತು. ಇಲ್ಲಾಂದ್ರೆ ಸುಡ್ತಿತ್ತು. ಇಂಥ ಅಗ್ಗದ್ದು ಸುಡುವಾಗ ಒಂದೇ ಹೋಗಲ್ಲ, ಬೋರ್ಡು, ಹಾರ್ಡ್ ಡಿಸ್ಕು ಎಲ್ಲ ಕರ್ಕೊಂಡು ಹೋಗ್ತದೆ."

ಹತ್ತೊಂಬತ್ತು ದಿನದ ಮನೆ ಇದ್ದದ್ದು ಆ ಹಾರ್ಡ್ ಡಿಸ್ಕಿನಲ್ಲಿ. ಬೇರೆಲ್ಲೂ ಪ್ರತಿ ಇರಲಿಲ್ಲ. ಪ್ರತಿ ಇದೆಯೇ ಎಂಬುದು ನನ್ನ ಒಂಬತ್ತು ಪ್ರಶ್ನೆಗಳಲ್ಲಿ ಇರಲೇ ಇಲ್ಲ. ಅವತ್ತೇ ಮಧ್ಯಾಹ್ನ ಎರಡು ಗಂಟೆಗೆ ಕಾರ್ಡು ಹಾಕುವುದು ಎಂದು ಮಾತ್ರ ಡೈರಿಯಲ್ಲಿ ಬರೆದಿಟ್ಟಿದ್ದೆ. ಬೆಂಚಿನ ಮೇಲೆ ಕೂತು ಆ ಸಾಲನ್ನು ಹೊಡೆದುಹಾಕಿದೆ. ಕಾಕ ಒಂದು ಲೋಟ ನೀರು ಕೊಟ್ಟು, ಮುಂದಿನವರ ಮೆಣಸು ತೂಗತೊಡಗಿದರು.

ಆರು ಪಿನ್ನಿನ ವೈರು ಇಲ್ಲದಿರುವುದೇ ಒಂದು ಉತ್ತರವಾಗಿತ್ತು ಎಂದು ನನಗೆ ಹೊಳೆದದ್ದು ವಾಪಸ್ ಬಸ್ಸಿನಲ್ಲಿ. ಆ ಭಾರ ಹೊರಲೆಂದು ಮಾಡಿದ ಡಬ್ಬವಾಗಿದ್ದರೆ ಮಾಡಿದವರೇ ಆ ವೈರು ಕೊಟ್ಟಿರುತ್ತಿದ್ದರು. ಇಲ್ಲದ್ದನ್ನು ಕಣ್ಣಾರೆ ಕಂಡು, ಸರಿ ಗುರುತು ಹಾಕಿದವಳು ನಾನು.

ಮನೆಯಲ್ಲಿ ಲೋಕೇಶಣ್ಣ ತಲೆ ಬಾಚಿಕೊಂಡು, ದಿಂಬಿಗೆ ಒರಗಿ ಕಾಯುತ್ತಿದ್ದರು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ತೆಗೆದದ್ದು ಏಣಿಯ ಮಾತು.

"ನಾನು ಬಿದ್ದ ದಿನ ಏಣಿನ ಮೂರು ಸಲ ನೋಡಿದ್ದೆ ಕಣೆ. ಗಿಣ್ಣು, ಹಗ್ಗ, ಬುಡ, ಎಲ್ಲ. ಏಣಿಗೆ ಏನೂ ಆಗ್ಲಿಲ್ಲ, ಇವತ್ತಿಗೂ ಗಟ್ಟಿಯಾಗಿದೆ. ಅದ್ನ ಒರಗಿಸಿದ್ದ ಕೊಂಬೆ ಒಣಗಿತ್ತು." ಆಮೇಲೆ ನನ್ನ ಮುಖ ನೋಡಿ, "ನೀನು ಬೀಳೋ ಮುಂಚೆ ಇಳಿದು ಬಂದಿದ್ದೀಯ. ಅಳ್ತಾ ನಿಂತ್ಕೋಬೇಡ, ಡಬ್ಬ ಜೋಡಿಸು. ನಾಳೆ ಒಂದಿನ ಇದೆ," ಎಂದರು.

ಡಬ್ಬ ಜೋಡಿಸಿದ ಮೇಲೆ ಮೊದಲು ಮಾಡಿದ ಕೆಲಸ, ಮನೆಯನ್ನು ನನ್ನ ಪೆನ್ ಡ್ರೈವಿಗೆ ಪ್ರತಿ ಮಾಡಿಕೊಂಡದ್ದು. ನಂತರ ಎಂಜಿನಿಯರಿಗೆ ಫೋನು. "ಆಗುತ್ತೆ ಅಂದಿದ್ದು ನೀವೇ ಅಲ್ವಾ?" ಎಂದು ಅವರು ಕೇಳಿದಾಗ, "ಹೌದು ಸಾರ್, ತಪ್ಪು ನಂದೇ," ಎಂದೆ. ಹೇಳಿದ ಮೇಲೆ ಎದೆ ಹಗುರಾಯಿತು ಎಂದು ಬರೆಯಲಾರೆ. ಕಿವಿ ಬಿಸಿಯಾಗಿತ್ತು.

"ಮತ್ತೆ ಚಿತ್ರ?" ಎಂದರು ಅವರು.

ಲೋಕೇಶಣ್ಣ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡರು. "ಸೋಮವಾರ ಬತ್ತದೆ ಸಾರ್."

ಅವರ ಉಪಾಯ ಸರಳವಾಗಿತ್ತು. ಇಡೀ ಚಿತ್ರವನ್ನು ಒಮ್ಮೆಗೇ ಕೇಳಿದರೆ ತಾನೇ ಕಂಪ್ಯೂಟರ್ ನಿಲ್ಲುವುದು? ನಾಲ್ಕು ತುಂಡಾಗಿ ತೆಗೆದು ಆಮೇಲೆ ಜೋಡಿಸುವುದು. ಮರಗಿಡಗಳ ವಿವರವನ್ನೂ ಕಮ್ಮಿ ಮಾಡಿದರು. ಭಾನುವಾರ ಬೆಳಿಗ್ಗೆ ಆರು ನಲವತ್ತಕ್ಕೆ ಮೊದಲ ತುಂಡು ಶುರು. ತಗಡು ತೆಗೆದಿಟ್ಟು, ಟೇಬಲ್ ಫ್ಯಾನನ್ನು ಅದರೊಳಗೆ ಗಾಳಿ ಹೋಗುವಂತೆ ತಿರುಗಿಸಿದೆವು. ವೋಲ್ಟೇಜ್ ಬೀಳಬಾರದೆಂದು ಜಯತ್ತೆ ಮಿಕ್ಸಿ ಮುಟ್ಟಲಿಲ್ಲ. ಚಟ್ನಿಯನ್ನು ಒರಳಲ್ಲಿ ರುಬ್ಬುತ್ತಾ, "ನಿಮ್ಮ ಮನೆ ಕಟ್ಟೋ ಹೊತ್ತಿಗೆ ನನ್ನ ರಟ್ಟೆ ಕಳಚಿ ಬತ್ತದೆ," ಎನ್ನುತ್ತಿದ್ದರು. ತುಂಡುಗಳು ಮುಗಿದ ಗಂಟೆಗಳು ಹೀಗಿವೆ: 8.25, 10.05, 12.30, 2.05. ಮೂರನೆಯದು ತೊಂಬತ್ತೊಂದು ಪರ್ಸೆಂಟಿಗೆ ಬಂದು ಹನ್ನೊಂದು ನಿಮಿಷ ಅಲುಗಲಿಲ್ಲ. ಜಯತ್ತೆಯೂ ಅಡುಗೆ ಬಿಟ್ಟು ಬಂದು ಪರದೆಯ ಮುಂದೆ ನಿಂತರು.

ನಾಲ್ಕೂ ಸೇರಿಸಿದಾಗ ಪರದೆಯ ತುಂಬ ಒಂದು ಬಿಳಿ ಮನೆ. ಮೆಟ್ಟಿಲ ಮೇಲೆ ಸಂಜೆ ಬಿಸಿಲು. ಲೋಕೇಶಣ್ಣ ಅದನ್ನು ಹಿಗ್ಗಿಸಿ, ಕುಗ್ಗಿಸಿ, ಬಾಗಿಲಿನಿಂದ ಹಿತ್ತಲವರೆಗೆ ನೋಡಿದರು. "ಹುಲ್ಲು ಕಪ್ಪಾಯ್ತು" ಎಂದಷ್ಟೇ ಹೇಳಿದರು. ಸೋಮವಾರ ಎಂಜಿನಿಯರ್ ಅದನ್ನೇ ಬರೆದು ಕಳಿಸಿದರು: "ಹುಲ್ಲು ಕಪ್ಪಾಗಿದೆ, ಮನೆ ಚೆನ್ನಾಗಿದೆ. ಎರಡನೇ ನಕ್ಷೆ ಕಳಿಸುತ್ತಿದ್ದೇನೆ." ಇಂದಿಗೆ ಏಳು ಮನೆಗಳಾಗಿವೆ, ಎಲ್ಲವೂ ನಾಲ್ಕು ನಾಲ್ಕು ತುಂಡುಗಳಲ್ಲಿ. ಕಾರ್ಡನ್ನು ವಾಪಸ್ ಕಳಿಸುತ್ತೇನೆಂದರೆ ಎಂಜಿನಿಯರ್ ಒಪ್ಪಲಿಲ್ಲ. ಸರಿಯಾದ ಡಬ್ಬ ಸಿಗುವವರೆಗೆ ಅಲ್ಲೇ ಇರಲಿ ಎಂದರು.

ಆ ಶನಿವಾರ ನಾನು ಕಾಕನ ಬೆಂಚಿನ ಮೇಲೆ ಕೂರದೆ ನೇರ ಮನೆಗೆ ಬಂದಿದ್ದರೆ ಎಂದು ಈಗಲೂ ಯೋಚನೆ ಬರುತ್ತದೆ. ಯಾರಾದರೂ "ಇದು ಆಗುತ್ತಾ?" ಎಂದು ಕೇಳಿದರೆ ನನ್ನ ಬಾಯಿಂದ ಬೇಗ ಉತ್ತರ ಬರುವುದಿಲ್ಲ. ಪಕ್ಕಾ ಎಂಬ ಮಾತನ್ನು ಪೂರ್ತಿ ಬಿಟ್ಟಿದ್ದೇನೆ.

ಒಳ್ಳೆಯ ಹೊಸ ಡಬ್ಬಕ್ಕೆ ಇನ್ನೂ ದುಡ್ಡು ಕೂಡಿಲ್ಲ. ಹಾಗಾಗಿ ಈಗ ಒಂದು ಪ್ರಶ್ನೆ ಉಳಿದಿದೆ. ಪ್ರವೀಣನ ಹತ್ತಿರವಿರುವ 350ರ ಹಳೆಯ ಡಬ್ಬದಲ್ಲಿ ಹನ್ನೆರಡು ವೋಲ್ಟಿಗೆ ಇಪ್ಪತ್ತೈದು ಆಂಪಿಯರ್ ಎಂದು ಬರೆದಿದೆ, ಅಂದರೆ ಮುನ್ನೂರು ವ್ಯಾಟ್. ಒಳಗಿನ ಉಬ್ಬಿದ ಕೆಪಾಸಿಟರ್‌ಗಳನ್ನು ಬದಲಾಯಿಸಿದರೆ ಅದು ನಡೆಯಬಹುದು ಎಂದು ಅವನು ಹೇಳುತ್ತಾನೆ, ಆದರೆ ಜವಾಬ್ದಾರಿ ತನ್ನದಲ್ಲ ಎಂದೂ ಸೇರಿಸುತ್ತಾನೆ. ತೂಕ ನೋಡಿದ ಕಾಕ ಹಾಕಿ ಎನ್ನುತ್ತಾರೆ. ಲೋಕೇಶಣ್ಣ ನೀನು ಹೇಳಿದ ಹಾಗೆ ಎಂದು ಮತ್ತೆ ನನಗೇ ಬಿಟ್ಟಿದ್ದಾರೆ. ಹೀಗೆ ದುರಸ್ತಿ ಮಾಡಿದ ಹಳೆಯ ಡಬ್ಬವನ್ನು ದಿನಕ್ಕೆ ಏಳೆಂಟು ಗಂಟೆ ದುಡಿಯುವ ಕಂಪ್ಯೂಟರಿಗೆ ನಂಬಬಹುದೇ? ಓದುಗರಲ್ಲಿ ತಿಳಿದವರಿದ್ದರೆ ದಯವಿಟ್ಟು ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಆಗುತ್ತೆ, ಆಗಲ್ಲ ಎಂದಷ್ಟೇ ಬರೆದರೆ ಸಾಲದು. ಏನನ್ನು ನೋಡಿ ಹಾಗೆ ಹೇಳುತ್ತಿದ್ದೀರಿ ಎಂಬುದನ್ನೂ ಬರೆಯಿರಿ.