ರಜೆಯಲ್ಲಿ ಮಲಗಿದ್ದಾರೆ

ರೋಗಿಯ ತಲೆಗೆ ತಂತಿ ಅಂಟಿಸಿ, ನಿದ್ದೆಯಲ್ಲಿ ಮೆದುಳು ಹೇಗೆ ಕೆಲಸ ಮಾಡುತ್ತದೆಂದು ಯಂತ್ರದಿಂದ ಕಾಗದದ ಮೇಲೆ ಬರೆಸುವುದು ಔರಂಗಾಬಾದಿನ ಆಸ್ಪತ್ರೆಯಲ್ಲಿ ಆಗ ನನ್ನ ಕೆಲಸ. ಒಂದು ಬೆಳಿಗ್ಗೆ ನಾಸಿಕ್ ಬಸ್ಸಿನ ಡ್ರೈವರ್ ಶರಣಪ್ಪ ಬಂದರು. ನಮ್ಮ ಬೀದರಿನ ಕಡೆಯವರೇ. ಮನೆಯಲ್ಲಿ ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದರು. ಈ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೆ ಮಾತ್ರ ಅವರಿಗೆ ಮತ್ತೆ ಬಸ್ಸು ಕೊಡುವುದಾಗಿ ಡಿಪೋದವರು ಹೇಳಿದ್ದರು.

ಪರೀಕ್ಷೆಯ ಹೊತ್ತಿಗೆ ಬೇಗ ನಿದ್ದೆ ಬರಲೆಂದು, ನಾವು ಹೇಳಿದಂತೆ ರಾತ್ರಿಯೆಲ್ಲ ನಿದ್ದೆಗೆಟ್ಟೇ ಬಂದಿದ್ದರು. ಆದರೆ ಮಂಚದ ಮೇಲೆ ರೆಪ್ಪೆ ಇಳಿದಾಗಲೆಲ್ಲ ತೊಡೆ ಚಿವುಟಿಕೊಳ್ಳುತ್ತಿದ್ದರು. ಯಂತ್ರದ ಪೆನ್ನುಗಳು ಜಿಗಿಯುತ್ತಿದ್ದವು.

"ಮಲಗ್ರಿ ಕಾಕಾ."

"ಈ ಕಾಗದ ಎಲ್ಲಿಗಿ ಹೋಗ್ತದ?"

"ಡಾಕ್ಟರ ಕಡಿ. ಅವರ ವರದಿ ನಿಮ್ಮ ಡಿಪೋಕ್ಕ."

"ಅಂದ್ರ ಡ್ರೈವರ್ ಮಲಗಿದ್ದ ಅಂತ ಡಿಪೋಕ್ಕ ಬರದು ಕಳಸ್ತಿ! ಇಷ್ಟ ವರ್ಷದಾಗ ನನ್ನ ಮ್ಯಾಲ ಯಾರೂ ಹಂಗ ಬರದಿಲ್ಲ ತಮ್ಮಾ."

ಮಲಗದಿದ್ದರೆ ಪರೀಕ್ಷೆಯೇ ಆಗದು, ಬಸ್ಸೂ ಸಿಗದು ಎಂದೆ. ಅವರು ಯೋಚಿಸಿ, ಜೇಬಿನಿಂದ ರಜೆ ಚೀಟಿ ತೆಗೆದುಕೊಟ್ಟರು.

"ರಜಾದಾಗ ಮಲಗ್ಯಾನ ಅಂತ ಬರಿ. ಆಮ್ಯಾಲ ನೋಡು."

ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಹಾಗೆಯೇ ಬರೆದೆ. ಎರಡು ಸಲ ಓದಿಸಿಕೊಂಡರು. ನಾನು ಪೆನ್ಸಿಲ್ ಕೆಳಗಿಡುವಷ್ಟರಲ್ಲಿ ಗೊರಕೆ ಶುರುವಾಗಿತ್ತು. ಮೆದುಳಿನಲ್ಲಿ ಯಾವ ದೋಷವೂ ಕಾಣಲಿಲ್ಲ.

ಕೆಲವು ತಿಂಗಳ ನಂತರ ಆಸ್ಪತ್ರೆಯ ಕೆಲಸದ ಮೇಲೆ ನಾಸಿಕ್‌ಗೆ ಹೊರಟಾಗ ಅವರದೇ ಬಸ್ಸು ಸಿಕ್ಕಿತು. ಅವರ ಹಿಂದಿನ ಸೀಟಿನಲ್ಲಿ ಕೂತು, ಊರು ದಾಟುವಷ್ಟರಲ್ಲಿ ತೂಕಡಿಸತೊಡಗಿದೆ. ಕನ್ನಡಿಯಲ್ಲಿ ನೋಡಿದ ಶರಣಪ್ಪ ಬಸ್ಸಿಗೆಲ್ಲ ಕೇಳುವಂತೆ ಕೂಗಿದರು:

"ತಮ್ಮಾ, ರಜಾ ಚೀಟಿ ತಂದಿಯೇನು?"