ದಲಾಲಿ ಕಾಕಾನ ಎಡಗಣ್ಣು

ಮೊದಲು ಎಡಗಣ್ಣಿನ ಕೆಳರೆಪ್ಪೆ ಅದುರುತ್ತಿತ್ತು. ಆಮೇಲೆ ಕಣ್ಣು ಪಟಕ್ಕನೆ ಮುಚ್ಚಿ, ಅದೇ ಬದಿಯ ತುಟಿಯಂಚು ಮೇಲಕ್ಕೆ ಸೆಳೆದುಕೊಳ್ಳುತ್ತಿತ್ತು. ಗೊತ್ತಿಲ್ಲದವರಿಗೆ ಕಣ್ಣು ಹೊಡೆದು ನಕ್ಕಂತೆಯೇ ಕಾಣುತ್ತಿತ್ತು.

ನಮ್ಮ ಪಕ್ಕದ ಮನೆಯ ಕಾಕಾ ಮಕ್ತಲ್ ಸಂತೆಯಲ್ಲಿ ಕುರಿ ದಲಾಲಿ. ಅಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲಾಲಿ ತನ್ನ ಕೈಮೇಲೆ ಟವೆಲ್ ಹೊದಿಸುತ್ತಾನೆ. ಮಾರುವವನು, ಕೊಳ್ಳುವವನು ಒಬ್ಬರಾದ ಮೇಲೊಬ್ಬರು ಅದರ ಕೆಳಗೆ ಅವನ ಬೆರಳು ಹಿಡಿದು ಬೆಲೆ ತಿಳಿಸುತ್ತಾರೆ. "ಅವಾಗ ನನ್ನ ಮುಖ ನೋಡಿ ಯಾರಿಗೂ ಏನೂ ತಿಳಿಬಾರ್ದು ತಮ್ಮಾ," ಎನ್ನುತ್ತಿದ್ದರು ಕಾಕಾ.

ಒಂದು ಸಂತೆಯ ದಿನ ಕೃಷ್ಣಾ ಕಡೆಯ ಕುರಿಗಾರ ಟವೆಲಿನೊಳಗಿಂದ ಕೈ ಕಿತ್ತುಕೊಂಡ.

"ಯಾರಿಗಿ ಕಣ್ಣು ಹೊಡಿಯಾಕತ್ತೀರಿ ದಲಾಲಿ? ಕೊಳ್ಳಾಂವ ನಿಮ್ಮ ಬೀಗನೇನು?"

"ಬ್ಯಾನಿ ಐತೋ ಯಪ್ಪಾ!"

ಹಾಗೆನ್ನುವಾಗಲೇ ಕಣ್ಣು ಮತ್ತೆ ಮುಚ್ಚಿಕೊಂಡಿತು. ಸುತ್ತ ನಿಂತವರು ಬಿದ್ದುಬಿದ್ದು ನಕ್ಕರು.

ಸುದ್ದಿ ನಾರಾಯಣಪೇಟೆಯವರೆಗೂ ಹೋಯಿತು. ಕಾಕಾ ಕಪ್ಪು ಕನ್ನಡಕ ಹಾಕಿದರು. "ಕಳ್ಳ ಈಗ ಪರದಾ ಹಾಕ್ಯಾನ," ಎಂದರು ಜನ. ಕಾಕಾ ಬೀರಪ್ಪ ದೇವರಿಗೆ ಹರಕೆ ಹೊತ್ತರು. ಗದ್ವಾಲದ ಗುಳಿಗೆ ನುಂಗಿದರು. ಒಂದು ಬೆಳಿಗ್ಗೆ ಕನ್ನಡಿ ಮುಂದೆ ನಿಂತು ತಮ್ಮ ಕೆನ್ನೆಗೆ ತಾವೇ ಹೊಡೆದುಕೊಳ್ಳುತ್ತಿದ್ದರು. ಕೈ ಹಿಡಿದೆ. "ಹೊಲ ಇಲ್ಲ, ಅಂಗಡಿ ಇಲ್ಲ. ಮಂದಿ ನಂಬತಿದ್ರು, ಅದೊಂದೇ ಇತ್ತು," ಎಂದರು.

ರಾಯಚೂರಿಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು ಮುಖಕ್ಕೆ ತಂತಿ ಅಂಟಿಸಿ, ಹುಬ್ಬಿನ ಮೇಲೆ ಸಣ್ಣದಾಗಿ ಕರೆಂಟ್ ಮುಟ್ಟಿಸಿದರು. ಬಲಗಡೆ ಕಣ್ಣಷ್ಟೇ ಮಿಟುಕಿತು. ಎಡಗಡೆ ಕಣ್ಣಿನ ಜೊತೆ ತುಟಿಯೂ ಜಿಗಿಯಿತು. ಮಿಷಿನ್ನಿನ ತೆರೆಯ ಮೇಲೆ ಗೆರೆಗಳು ಎದ್ದವು.

"ಮುಖದ ನರ ಕೆರಳಿದೆ. ಕಣ್ಣಿಗೆ ಹೋಗೋ ಸಂದೇಶ ತುಟಿಗೂ ಹರೀತಿದೆ. ಇದು ನಿಮ್ಮ ಕೈಲಿಲ್ಲ," ಎಂದರು ಡಾಕ್ಟರು.

ಕಾಕಾ ತೆರೆಯನ್ನೇ ನೋಡುತ್ತಿದ್ದರು. "ಈ ಮಿಷಿನ್ ಒಂದಿನ ಸಂತಿಗಿ ತರಾಕ ಬರ್ತೈತೇನ್ರಿ ಸಾಹೇಬ್ರ? ಎಲ್ಲಾರ ಮುಂದ ಹಚ್ಚಿ ತೋರಸ್ರಿ."

ಡಾಕ್ಟರು ನಕ್ಕರು. ಕಾಕಾ ತಮಾಷೆ ಮಾಡಿರಲಿಲ್ಲ.

ಮುಖಕ್ಕೆ ಸೂಜಿಮದ್ದು ಹಾಕಿಸಿದ ಮೇಲೆ ಸೆಳೆತ ನಿಂತಿತು. ಅದರ ಗುಣ ಕೆಲವು ತಿಂಗಳಷ್ಟೇ ಎಂದು ಡಾಕ್ಟರು ಹೇಳಿದ್ದರು. ಆ ತಿಂಗಳುಗಳೂ ಪೂರ್ತಿ ಸಿಗಲಿಲ್ಲ. ಈ ಮಳೆಗಾಲ ಎದೆನೋವು ಬಂದು ಕಾಕಾ ತೀರಿಕೊಂಡರು.

ಅದಕ್ಕೂ ಮುಂಚಿನ ಸಂತೆಗೆ ನಾನೂ ಹೋಗಿದ್ದೆ. ಕಾಕಾನ ಮುಖ ಕಲ್ಲಿನಂತೆ ನಿಶ್ಚಲವಾಗಿತ್ತು. ಕೈಮೇಲೆ ಟವೆಲ್ ಹೊದಿಸಿಕೊಂಡು ಮಧ್ಯಾಹ್ನದವರೆಗೆ ನಿಂತರು. ಕುರಿಗಾರರು ಅವರನ್ನು ಸುತ್ತು ಹಾಕಿ ಬೇರೆ ದಲಾಲಿಗಳ ಹತ್ತಿರ ಹೋದರು. ತಡೆಯಲಾರದೆ ನಾನೇ ಹತ್ತಿರ ಹೋಗಿ ಟವೆಲಿನ ಕೆಳಗೆ ಕೈ ಇಟ್ಟೆ.

ಅವರ ಬೆರಳು ತಣ್ಣಗಿದ್ದವು. ನನ್ನ ಕೈಯನ್ನು ಮೆಲ್ಲಗೆ ಹೊರಗೆ ಸರಿಸಿದರು.

"ನೀ ಕುರಿ ಕೊಳ್ಳಾಂವಲ್ಲ ತಮ್ಮಾ. ಸುಳ್ಳು ವ್ಯಾಪಾರ ಇದರ ಕೆಳಗ ಯಾವತ್ತೂ ಮಾಡಿಲ್ಲ."