ಹಾಡಿಗಿಂತ ಉದ್ದವಾದ ಅಡಿಟಿಪ್ಪಣಿ

ಅದು ೧೯೫೭ನೆಯ ಇಸವಿ, ಬೇಸಿಗೆಯ ದಿನಗಳು. ನಾನು ಧಾರವಾಡದಲ್ಲಿ ಕನ್ನಡ ಎಂ.ಎ. ಕೊನೆಯ ವರ್ಷದಲ್ಲಿದ್ದೆ. ನನ್ನ ಊರು ರೋಣ. ನಮ್ಮ ಓಣಿಯಿಂದ ಅಷ್ಟು ದೂರ ಓದಲು ಹೋದ ಹುಡುಗಿ ನಾನೊಬ್ಬಳೇ. "ಈ ವರ್ಷ ಮುಗಿಸು. ಮುಗೀಲಿಲ್ಲಂದ್ರ ಇನ್ನೊಂದು ವರ್ಷ ಅಂತ ಕೇಳಬ್ಯಾಡ" ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದರು.

ಪರೀಕ್ಷೆಯ ಜೊತೆಗೆ ಒಂದು ಪ್ರಬಂಧವನ್ನೂ ಬರೆದು ಒಪ್ಪಿಸಬೇಕಾಗಿತ್ತು. ನಾನು ಆರಿಸಿಕೊಂಡದ್ದು ಬೀಸುವ ಪದಗಳನ್ನು. ನನ್ನ ಸೋದರತ್ತೆ ಗಂಗತ್ತಿಯ ಮನೆ ಚಿಕ್ಕನರಗುಂದದಲ್ಲಿತ್ತು. ಅವಳ ಪಕ್ಕದ ಮನೆಯ ನೀಲವ್ವಾಯಿ ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತಳೆಂದರೆ ಜೋಳ ಮುಗಿಯುತ್ತಿತ್ತೇ ಹೊರತು ಹಾಡು ಮುಗಿಯುತ್ತಿರಲಿಲ್ಲ. ದೀಪಾವಳಿ ಸೂಟಿಯಲ್ಲಿ ಅವಳ ಪಕ್ಕ ಕುಳಿತು ಹಾಡುಗಳನ್ನು ಬರೆದುಕೊಂಡಿದ್ದೆ. ಪ್ರಬಂಧದಲ್ಲಿ ಪ್ರತಿಯೊಂದು ಹಾಡಿನ ಕೆಳಗೆ 'ಜನಪದ' ಎಂದು ಒಂದೇ ಶಬ್ದ ಹಾಕಿ ಗುರುಗಳ ಕೈಗೆ ಕೊಟ್ಟೆ.

ಗುರುಗಳು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಏನವಾ, ಪುಸ್ತಕದಿಂದ ತೊಗೊಂಡ ಒಂದೊಂದು ಸಾಲಿಗೂ ಬರದವರ ಹೆಸರು, ಪುಟ, ಮುದ್ರಣ, ಎಲ್ಲಾ ಚಲೋತ್ನಂಗ ಹಾಕೀದಿ. ಈ ಹಾಡು ಹೇಳಿದಾಕಿಗೆ ಮಾತ್ರ ಜನಪದ ಅಂದುಬಿಟ್ಟೀಯಲ್ಲ? ಜನಪದ ಅಂದ್ರ ಯಾರು? ಅವರ ಮನಿ ಎಲ್ಲದ?"

ನಾನು ಪ್ರಬಂಧವನ್ನು ತಿರುಗಿ ತೆಗೆದುಕೊಳ್ಳಲು ಕೈ ಚಾಚಿದೆ.

"ಹಾಡಿದವರ ಹೆಸರು, ಗಂಡನ ಹೆಸರು, ವಯಸ್ಸು, ಊರು, ಯಾರಿಂದ ಕಲಿತರು, ಇಷ್ಟು ಅಡಿಟಿಪ್ಪಣಿಯೊಳಗ ಬರಬೇಕು. ಸೋಮವಾರ ಕೊಡೂ ದಿನ. ಅದಿಲ್ಲದ ನಾ ಸಹಿ ಮಾಡೂದಿಲ್ಲ."

ಮರುದಿನವೇ ನರಗುಂದದ ಬಸ್ಸು ಹತ್ತಿದೆ. ಅಲ್ಲಿಂದ ಸಂತೆಗೆ ಬಂದಿದ್ದ ಯಾರದೋ ಚಕ್ಕಡಿಯಲ್ಲಿ ಕುಳಿತು, ಮೈತುಂಬ ಕರಿಮಣ್ಣಿನ ಧೂಳು ಹೊತ್ತುಕೊಂಡು ಚಿಕ್ಕನರಗುಂದ ಮುಟ್ಟಿದೆ. ಹೆಸರು ಕೇಳಿ ಬರೆದುಕೊಳ್ಳುವುದು ಎಷ್ಟು ಹೊತ್ತಿನ ಕೆಲಸ, ಸಂಜೆಗೆ ತಿರುಗಿ ಹೊರಡಬಹುದು ಎಂದುಕೊಂಡಿದ್ದೆ.

ನೀಲವ್ವಾಯಿ ಕಟ್ಟೆಯ ಮೇಲೆ ಬ್ಯಾಳಿ ಹಸನು ಮಾಡುತ್ತಿದ್ದಳು. ನಾನು ಪೆನ್ನು ತೆಗೆದು ಕೇಳಿದೆ, "ಆಯಿ, ನಿಮ್ಮ ಯಜಮಾನ್ರ ಹೆಸರೇನ್ರಿ?"

ಅವಳ ಕೈಯಲ್ಲಿದ್ದ ಮೊರ ನಿಂತುಬಿಟ್ಟಿತು. ಅರವತ್ತು ದಾಟಿದ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊಸ ಮದುಮಗಳ ಹಾಗೆ ತಲೆ ತಗ್ಗಿಸಿದಳು.

"ಅಯ್ಯ ನನ್ನವ್ವನ! ಅದನ್ನ ಹ್ಯಾಂಗ ಹೇಳ್ಲಿ? ಗಂಡನ ಹೆಸರು ಬಾಯಿಲೆ ಅನ್ನೂದೈತೇನ?"

ಸರಿ, ಅತ್ತೆಯನ್ನು ಕೇಳೋಣವೆಂದು ತಿರುಗಿದರೆ ಗಂಗತ್ತಿಯೂ ತಲೆಯಾಡಿಸಿದಳು. "ನಾ ಹೇಳಾಂಗಿಲ್ಲವ್ವಾ. ಅವರದೂ ನಮ್ಮ ಮಾವನವರದೂ ಒಂದಽ ಹೆಸರು."

"ಹಂಗಾದ್ರ ನಿಮ್ಮ ಮಾವನವರ ಹೆಸರು ಹೇಳ್ರಿ."

"ಅದನ್ನಽ ಹೇಳಾಕ ಬರಾಂಗಿಲ್ಲಂತ ಹೇಳಾಕತ್ತೇನಿ!"

ಎದುರು ಮನೆಯವಳ ಭಾವನಿಗೂ ಅದೇ ಹೆಸರಂತೆ. ಗಂಡಸರೆಲ್ಲ ಹೊಲಕ್ಕೆ ಹೋಗಿದ್ದರು. ಇಡೀ ಓಣಿಗೆ ಗೊತ್ತಿದ್ದ ಹೆಸರನ್ನು ಒಬ್ಬರೂ ಬಾಯಿಬಿಟ್ಟು ಹೇಳುತ್ತಿಲ್ಲ! ನನ್ನ ಮುಖ ಸಣ್ಣದಾದದ್ದನ್ನು ನೋಡಿ ಗಂಗತ್ತಿಗೆ ಕನಿಕರ ಬಂತು. "ನೀಲವ್ವ, ಒಡಪು ಇಟ್ಟು ಹೇಳಬೇ. ಒಡಪಿನ್ಯಾಗ ಹೇಳಿದ್ರ ಏನೂ ತಪ್ಪಿಲ್ಲ" ಎಂದಳು.

ಮದುವೆ ಮನೆಯಲ್ಲಿ ಹೊಸ ಸೊಸೆ ಹೊಸ್ತಿಲು ದಾಟುವಾಗ ಪದ ಕಟ್ಟಿ ಗಂಡನ ಹೆಸರು ಹೇಳುವುದುಂಟಲ್ಲ, ಅದೇ ಒಡಪು. ಸುದ್ದಿ ಹಬ್ಬಿ ಕಟ್ಟೆಯ ತುಂಬ ಹೆಂಗಸರು ಸೇರಿದರು. ನೀಲವ್ವಾಯಿ ಸ್ವಲ್ಪ ಹೊತ್ತು ನಾಚಿ, ಸ್ವಲ್ಪ ಹೊತ್ತು ಬೈದು, ಕೊನೆಗೆ ಗಂಟಲು ಸರಿಮಾಡಿಕೊಂಡಳು:

"ಎರಿ ಹೊಲದಾಗ ಬಿಳಿಜ್ವಾಳ ತೆನಿ ತೂಗತೈತಿ,
ಮಲ್ಲಪ್ಪನವರ ಹೆಸರು ಹೇಳಿದ್ರ ನನ್ನ ಮಾರಿ ಕೆಂಪಾಗತೈತಿ!"

ಹೆಂಗಸರು ಹೋ ಎಂದು ನಕ್ಕರು. ಅದೇ ಹೊತ್ತಿಗೆ ಎತ್ತು ಹೊಡೆದುಕೊಂಡು ಹೊಲದಿಂದ ಬಂದ ಮುದುಕರೊಬ್ಬರು ಗುಂಪು ನೋಡಿ ಗಾಬರಿಯಿಂದ ಕೇಳಿದರು, "ಯಾರು, ನನ್ನ ಕರದ್ರೇನ್ರಿ?" ಅವರೇ ಮಲ್ಲಪ್ಪನವರು! ನೀಲವ್ವಾಯಿ ಮೊರ ಅಲ್ಲೇ ಬಿಟ್ಟು ಒಳಗೆ ಓಡಿದಳು. ಅವಳನ್ನು ತಿರುಗಿ ಹೊರಗೆ ಕರೆತರಲು ಎಲ್ಲರೂ ಸೇರಿ ಗೋಗರೆಯಬೇಕಾಯಿತು.

ನಗೆ ಇಳಿದ ಮೇಲೆ ನಾನು ಮುಂದಿನ ಪ್ರಶ್ನೆ ಕೇಳಿದೆ, "ಆಯಿ, ದೀಪಾವಳಿಗೆ ಬರಕೊಂಡಿದ್ನಲ್ಲ, 'ಅಣ್ಣ ಬರತಾನಂತ' ಅನ್ನೂ ಹಾಡು, ಅದನ್ನ ಯಾರ ಕಡಿಂದ ಕಲತ್ರಿ?"

ಈಗ ಅವಳು ನಾಚಲಿಲ್ಲ. ಮೊರ ಎತ್ತಿಕೊಂಡು ಮತ್ತೆ ಬ್ಯಾಳಿ ಕೇರತೊಡಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅದು ಹಿಂದಿನ ಓಣಿ ಫಕೀರವ್ವಂದು" ಎಂದಳು ತಲೆ ಎತ್ತದೆ. "ನಾವಿಬ್ಬರೂ ಒಂದಽ ಕಲ್ಲಿಗೆ ಎದರಾಬದರ ಕುಂತು ಬೀಸತಿದ್ವಿ. ಹೆಸರು ಹಾಕೂದಾದ್ರ ಅಕಿ ಹೆಸರು ಹಾಕು. ಅಕಿ ಹಾಡಿಗೆ ನನ್ನ ಹೆಸರು ಹಾಕಿದ್ರ ಅದು ಕಳವಾಗತೈತಿ."

ಗಂಗತ್ತಿ ನನ್ನ ಕಿವಿಯಲ್ಲಿ ಸಂಗತಿ ಹೇಳಿದಳು. ಕೆಲವು ವರ್ಷಗಳ ಹಿಂದೆ ಫಕೀರವ್ವನ ಆಡು ಬಂದು ನೀಲವ್ವ ಒಣಹಾಕಿದ್ದ ಶ್ಯಾವಿಗೆಯನ್ನೆಲ್ಲ ತಿಂದುಹಾಕಿತ್ತಂತೆ. ಅಂದು ನಿಂತ ಮಾತು ಮತ್ತೆ ಶುರುವಾಗಿರಲಿಲ್ಲ. ಬಾವಿಗೆ ನೀರಿಗೆ ಹೋಗುವುದೂ ಒಬ್ಬರು ಬಂದ ಮೇಲೆ ಇನ್ನೊಬ್ಬರು.

ನಾನು ಹಿಂದಿನ ಓಣಿಗೆ ಹೋದೆ. ಫಕೀರವ್ವ ಎತ್ತರದ, ಗಟ್ಟಿ ದನಿಯ ಹೆಂಗಸು. ಮೊದಲು ನನ್ನನ್ನು ಒಳಗೆ ಕರೆಯಲೇ ಇಲ್ಲ. ನಾನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ.

"ಅಕಿ ನನ್ನ ಹೆಸರು ಹೇಳಿದಳಾ? ತನ್ನ ಬಾಯಿಲೆ?"

"ಹೌದ್ರಿ. ಇಲ್ಲಂದ್ರ ಕಳವಾಗತೈತಿ ಅಂದ್ರು."

ಫಕೀರವ್ವ ಒಳಗೆ ಹೋದಳು. ಇನ್ನು ಬರುವುದಿಲ್ಲವೇನೋ ಎಂದುಕೊಳ್ಳುವಷ್ಟರಲ್ಲಿ ಮುಖ ತೊಳೆದು, ಕುಂಕುಮ ಹಚ್ಚಿಕೊಂಡು ಬಂದು "ನಡಿ" ಎಂದಳು. ನನಗಿಂತ ಮುಂದೆ ತಾನೇ ನಡೆದಳು.

ಕಟ್ಟೆಗೆ ಬಂದವಳು ನೀಲವ್ವನನ್ನು ನೋಡಲಿಲ್ಲ. ನನ್ನ ಕಡೆ ತಿರುಗಿ, ಯಾರೂ ಕೇಳುವ ಮೊದಲೇ ಹೇಳಿದಳು:

"ಮುಂಗಾರಿ ಹೊಲದಾಗ ಬೆಳದೈತಿ ಹೆಸರು,
ಕೇಳಿದವರಿಗೆ ಹೇಳತೇನಿ ಯಲ್ಲಪ್ಪನವರ ಹೆಸರು! ಬರಕೋ."

ಮತ್ತೆ ನಗೆಯೋ ನಗೆ. ನಾನು ಬರೆದುಕೊಂಡು, ಹಾಡು ಸರಿಯಿದೆಯೋ ನೋಡಿ ಎಂದು ಓದಿದೆ:

"ಅಣ್ಣ ಬರತಾನಂತ ಸಣ್ಣಾಗಿ ಬೀಸೇನ
ಕಣ್ಣ ಬಾಗಿಲಕ ಇಟಗೊಂಡು, ತವರವ್ವ
ಬೆಣ್ಣಿ ಕಳಿಸ್ಯಾಳ ಬುತ್ತ್ಯಾಗ."

"ತಪ್ಪು!" ಎಂದಳು ಫಕೀರವ್ವ. "ಬೆಣ್ಣಿ ಎಲ್ಲಿಂದ ಬಂತು? ಹಣ್ಣ ಕಳಿಸ್ಯಾಳ ಉಡಿತುಂಬ! ನನ್ನ ತವರು ಗಜೇಂದ್ರಗಡ. ದೀಪಾವಳಿಗೆ ನಮ್ಮಣ್ಣ ಗುಡ್ಡದ ಸೀತಾಫಲ ಹೊತಗೊಂಡು ಬರತಿದ್ದ."

ನೀಲವ್ವ ಗೋಡೆಗೆ ಹೇಳಿದಂತೆ ಅಂದಳು, "ನಮ್ಮಣ್ಣ ಬರತಿದ್ದದ್ದು ಯಾವಗಲ್ ಊರಿಂದ. ನಮ್ಮ ತವರಾಗ ಎಮ್ಮಿ ಇದ್ದುವು. ಬೆಣ್ಣೀನಽ ತರತಿದ್ದ."

"ಯಾವಗಲ್ಲಿಂದ ನಡಕೊಂಡು ಬರೂದ್ರಾಗ ಬೆಣ್ಣಿ ಉಳೀತಿತ್ತೇನ? ಕರಗಿ ಅಣ್ಣನ ಧೋತರಕ್ಕ ಹತ್ತತಿತ್ತು!"

"ನಮ್ಮಣ್ಣ ನಸುಕಿನ್ಯಾಗ ಹೊಂಡತಿದ್ದ! ಬಿಸಿಲು ಏರೂದ್ರಾಗ ನಮ್ಮನಿ ಕಟ್ಟಿ ಮ್ಯಾಲ ಇರತಿದ್ದ. ನಿನಗೇನ ಗೊತ್ತು?"

"ನನಗ ಗೊತ್ತಿಲ್ಲಾ? ಅದಽ ಬೆಣ್ಣಿ ಹಚ್ಚಿ ನನಗ ರೊಟ್ಟಿ ಕೊಟ್ಟಾಕಿ ನೀನಽ ಅಲ್ಲ?"

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಷ್ಟು ವರ್ಷಗಳ ನಂತರ ತಾವು ನೇರವಾಗಿ ಮಾತಾಡಿಬಿಟ್ಟಿದ್ದೇವೆ ಎಂಬುದು ಆಗ ಅವರಿಗೆ ತಿಳಿಯಿತು. ಮೊದಲು ನೀಲವ್ವಾಯಿಯ ಹೊಟ್ಟೆ ಅಲುಗಿತು, ಆಮೇಲೆ ಫಕೀರವ್ವನದು. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆ ನೀರು ಬರೀ ನಗೆಯದೇ ಆಗಿತ್ತೆಂದು ನಾನು ಹೇಳಲಾರೆ.

"ಒಳಗ ಬಾ. ಕಲ್ಲಿನ ಮುಂದ ಕುಂತು ಹೇಳೂಣು. ಬರೇ ಬಾಯಿಗೆ ಹಾಡು ಖರೇ ಬರಾಂಗಿಲ್ಲ" ಎಂದಳು ನೀಲವ್ವಾಯಿ.

ಇಬ್ಬರೂ ಎದುರುಬದುರು ಕುಳಿತು ಒಂದೇ ಗೂಟ ಹಿಡಿದರು. ಒಂದು ಸುತ್ತಿಗೆ ಬೆಣ್ಣೆ, ಇನ್ನೊಂದು ಸುತ್ತಿಗೆ ಹಣ್ಣು. ನಾನು ಕೇಳಿರದ ಹಾಡುಗಳೂ ಹೊರಬಂದವು. ಗಂಗತ್ತಿ ಮೊರದಲ್ಲಿ ಜೋಳ ತಂದು ಸುರಿದಳು, ಎದುರು ಮನೆಯವಳೂ ತಂದು ಸುರಿದಳು. ಅಂದು ಆ ಓಣಿಯಲ್ಲಿ ಯಾರಿಗೂ ಬೀಸುವ ಕೆಲಸ ಉಳಿಯಲಿಲ್ಲ. ನಾನು ಧಾರವಾಡಕ್ಕೆ ಹೊರಡುವ ಮಾತನ್ನೇ ಮರೆತೆ.

ಸೋಮವಾರ ಗುರುಗಳ ಮುಂದೆ ಪ್ರಬಂಧ ಇಟ್ಟೆ. ಅಣ್ಣನ ಹಾಡು ಮೂರೇ ಸಾಲು. ಅದರ ಅಡಿಟಿಪ್ಪಣಿ ಪುಟದ ಅರ್ಧಕ್ಕಿಂತ ಹೆಚ್ಚು. ಹಾಡಿದವರಿಬ್ಬರು, ಅವರ ಗಂಡಂದಿರು, ಅವರ ತವರೂರು, ಬೆಣ್ಣೆಯ ಪಾಠಾಂತರ, ಹಣ್ಣಿನ ಪಾಠಾಂತರ, ಎರಡಕ್ಕೂ ಕಾರಣ. ಶ್ಯಾವಿಗೆ ತಿಂದ ಆಡನ್ನು ಮಾತ್ರ ಬಿಟ್ಟಿದ್ದೆ. ಅದನ್ನು ಬಾಯಿಮಾತಿನಲ್ಲಿ ಹೇಳಿದಾಗ ಗುರುಗಳು ನಕ್ಕ ನಗೆಗೆ ಪಕ್ಕದ ಕೋಣೆಯವರು ಇಣುಕಿ ನೋಡಿದರು. ನಗುತ್ತಲೇ ಸಹಿ ಮಾಡಿ, "ಆಧಾರ ಗ್ರಂಥಗಳ ಪಟ್ಟಿ ಅದ ಅಲ್ಲ, ಅದರಾಗೂ ಇವರಿಬ್ಬರನ್ನ ಸೇರಸು" ಎಂದರು.

ಪಾಸಾದ ಮೇಲೆ ರಟ್ಟು ಕಟ್ಟಿಸಿದ ಪ್ರಬಂಧ ತೆಗೆದುಕೊಂಡು ಚಿಕ್ಕನರಗುಂದಕ್ಕೆ ಹೋದೆ. ಇಬ್ಬರ ನಡುವೆ ಕುಳಿತು ಕೊನೆಯ ಪಟ್ಟಿಯಲ್ಲಿ ಅವರ ಹೆಸರುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಅಕ್ಷರದ ಅನುಕ್ರಮದಲ್ಲಿ ನೀಲವ್ವನ ಹೆಸರು, ಅದರ ಕೆಳಗೆ 'ಪ' ಅಕ್ಷರದ ಒಬ್ಬ ದೊಡ್ಡ ವಿದ್ವಾಂಸರ ಹೆಸರು, ಅದರ ಕೆಳಗೆ ಫಕೀರವ್ವನದು.

"ನಮ್ಮಿಬ್ಬರ ನಡುವ ಇಂವ ಯಾರು ಕುಂತಾನ?" ಎಂದು ಕೇಳಿದಳು ಫಕೀರವ್ವ.

"ಭಾಳ ಓದಿದವರ್ರಿ. ದೊಡ್ಡ ದೊಡ್ಡ ಪುಸ್ತಕ ಬರದಾರ."

"ಇರ್ಲಿ ಬಿಡು ಪಾಪ" ಎಂದಳು ನೀಲವ್ವಾಯಿ. "ಕುಂತು ಹಾಡು ಕೇಳ್ಲಿ."

ಮುಂದೆ ನಾನು ಬಹಳ ವರ್ಷ ಕಾಲೇಜಿನಲ್ಲಿ ಪಾಠ ಹೇಳಿದೆ. ಅಡಿಟಿಪ್ಪಣಿ ಎಂದರೆ ವಿದ್ಯಾರ್ಥಿಗಳು ಮುಖ ಕಿವಿಚುತ್ತಿದ್ದರು, ಒಣ ಕೆಲಸ ಎನ್ನುತ್ತಿದ್ದರು. ನನಗೆ ಮಾತ್ರ ಆ ಶಬ್ದ ಕಿವಿಗೆ ಬಿದ್ದರೆ ಹೊಸ ಹಿಟ್ಟಿನ ಘಮ ಬಂದಂತಾಗುತ್ತದೆ. ಪಟ್ಟಿಯ ಆ ಪುಟವನ್ನು ತೆರೆದಾಗಲೆಲ್ಲ ಆ ವಿದ್ವಾಂಸರು ಇಬ್ಬರು ಮುದುಕಿಯರ ನಡುವೆ ಸಿಕ್ಕಿಕೊಂಡು, ಕೈಕಟ್ಟಿ, ಹಾಡು ಕೇಳುತ್ತ ಕುಳಿತಂತೆ ಕಾಣುತ್ತದೆ. ನನಗೆ ಈಗಲೂ ನಗು ತಡೆಯಲಾಗುವುದಿಲ್ಲ.